ಗಾಳಿಗುಡ್ಡಕ್ಕೆ ಬೆನ್ನು ಕೊಟ್ಟವರು

ಹರಗೋಡು ಎಸ್ಟೇಟ್ ಲೈನು, ಕಳಸ ಅಂಚೆ
9 ನವೆಂಬರ್ 1997

ಗಿರಿಜಾಂಬಾ ಮೇಡಂ ಅವರಿಗೆ,

ನನ್ನ ಹೆಸರು ಪವಿತ್ರಾ. ಈ ತೋಟದ ಕೂಲಿಯಾಳು ಬೆಳ್ಳಿಯಪ್ಪನ ಮಗಳು. ಪಿಯುಸಿವರೆಗೆ ಕಾಲೇಜಿನಲ್ಲಿ ಓದಿದೆ. ಆಮೇಲಿನದೆಲ್ಲ ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ ಎರಡು ರೂಪಾಯಿಗೆ ಸಿಗುವ ಕಿರುಪುಸ್ತಕಗಳಲ್ಲಿ ಓದಿದ್ದು. ಮೊನ್ನೆ ಒಣಮೀನು ಕಟ್ಟಿಕೊಟ್ಟ ಪೇಪರಿನಲ್ಲಿ ನಿಮ್ಮ ಲೇಖನ ಸಿಕ್ಕಿತು, ಕೆಳಗೆ ವಿಳಾಸವೂ ಇತ್ತು. ಹಳೆಯ ಕತ್ತಿಗಳ ಹಿಡಿಯ ಮೇಲೆ ಎಂಥೆಂಥ ಹೂಬಳ್ಳಿ ಕೆತ್ತುತ್ತಿದ್ದರು ಎಂದು ಒಂದು ಕಾಲಂ ತುಂಬ ಬರೆದಿದ್ದೀರಿ. ಆ ಕತ್ತಿ ಯಾರ ಕುತ್ತಿಗೆಯ ಮೇಲೆ ಬಿತ್ತು ಎಂಬುದಕ್ಕೆ ಒಂದು ಸಾಲೂ ಇಲ್ಲ. ನಾಚಿಕೆಯಾಗಲಿಲ್ಲವೆ?

ಬೈಯುವುದಕ್ಕಷ್ಟೇ ಬರೆಯುತ್ತಿಲ್ಲ, ಕೆಲಸವೂ ಇದೆ. ನಮ್ಮ ತೋಟದ ತುದಿಯಲ್ಲಿ ಗಾಳಿಗುಡ್ಡ ಎಂಬ ಬ್ಲಾಕ್ ಇದೆ. ಮೇಲೆ ಹುಲ್ಲಿನ ನೆತ್ತಿ, ಕೆಳಗೆ ಹಳ್ಳ, ನಡುವಿನ ಇಳಿಜಾರಿನಲ್ಲಿ ರೋಬಸ್ಟಾ ಕಾಫಿ. ಈ ಸಲ ಕಾಫಿಗೆ ರೇಟು ಬಂದಿದೆಯೆಂದು ಸಾಹುಕಾರರು ಅಲ್ಲೂ ಗಿಡದ ಸಾಲುಗಳ ನಡುವೆ ತೊಟ್ಟಿಲು ಗುಂಡಿ ತೆಗೆಸುತ್ತಿದ್ದಾರೆ. ಮಳೆನೀರು ನಿಲ್ಲಲಿ ಎಂದು ತೆಗೆಯುವ ಉದ್ದನೆಯ ಗುಂಡಿ ಅದು. ಅದರಲ್ಲಿ ಕಬ್ಬಿಣದ ಮೊನೆಗಳು ಏಳುತ್ತಿವೆ. ಚಿತ್ರ ಬರೆದು ಈ ಕಾಗದದ ಜೊತೆ ಇಟ್ಟಿದ್ದೇನೆ.

ನಮ್ಮ ಜನ ಈ ಗುಡ್ಡಕ್ಕೆ ಹೆದರುತ್ತಾರೆ. ಆ ಹೆದರಿಕೆಯಿಂದಲೇ ನನ್ನನ್ನು ಸಾಕಿದ ಅಣ್ಣಮ್ಮ ಅತ್ತೆ ಹೋದ ವರ್ಷ ಅಲ್ಲಿ ಬಿದ್ದು ಸೊಂಟ ಮುರಿದುಕೊಂಡಳು. ಈಗ ತೆವಳಿಕೊಂಡು ಒಲೆಯ ಹತ್ತಿರ ಹೋಗುತ್ತಾಳೆ. ಇನ್ನೊಬ್ಬರ ಸೊಂಟ ಮುರಿಯುವ ಮೊದಲು ಈ ಭಯವನ್ನು ಬೇರುಸಹಿತ ಕೀಳಬೇಕು. ಇದು ಬರೀ ಹಳೇ ಕಬ್ಬಿಣ, ಇದರಲ್ಲಿ ಏನೂ ಇಲ್ಲ ಎಂದು ನೀವು ವೈಜ್ಞಾನಿಕವಾಗಿ ಬರೆದುಕೊಟ್ಟರೆ ನಮ್ಮ ಕೂಲಿಮನೆಗಳ ಲೈನಿನ ಎಲ್ಲರಿಗೂ ಓದಿ ಹೇಳುತ್ತೇನೆ.

ಪವಿತ್ರಾ

*

ಮೈಸೂರು
21 ನವೆಂಬರ್ 1997

ಪವಿತ್ರಾ ಅವರೇ,

ನಾಚಿಕೆಯಾಯಿತು. ಸಂಗ್ರಹಾಲಯದ ಗಾಜಿನ ಪೆಟ್ಟಿಗೆಗಳ ನಡುವೆ ಇಡೀ ನೌಕರಿ ಕಳೆದವಳು ನಾನು. ಅಲ್ಲಿ ಹೂಬಳ್ಳಿ ಕಾಣುತ್ತದೆ, ಕುತ್ತಿಗೆ ಕಾಣುವುದಿಲ್ಲ.

ನಿಮ್ಮ ಚಿತ್ರಗಳು ಚೆನ್ನಾಗಿವೆ. ಅವು ಬಾಣದ ಮೊನೆಗಳು, ಐದಾರು ನೂರು ವರ್ಷ ಹಳೆಯವು. ಉಂಗುರ ಹೆಣೆದ ಕವಚವನ್ನು ತೂರಬೇಕಾದರೆ ದಬ್ಬಣದಂಥ ಸಣ್ಣ ಮೊನೆ ಬೇಕು. ನಿಮಗೆ ಸಿಕ್ಕಿದ್ದೆಲ್ಲ ವೀಳ್ಯದೆಲೆಯಂತೆ ಅಗಲ. ಅವು ಬರೀ ಮೈಗೆ ಬಿಡುವ ಬಾಣಗಳು.

ಇನ್ನು ಮುಂದೆ ಒಂದು ಮಾತು ಪಾಲಿಸಿ. ಮೊನೆ ಕಂಡ ಕೂಡಲೇ ಕೀಳಬೇಡಿ. ಎಷ್ಟು ಆಳದಲ್ಲಿದೆ, ತುದಿ ಯಾವ ಕಡೆ ತಿರುಗಿದೆ ಎಂದು ನಕಾಶೆಯಲ್ಲಿ ಗುರುತು ಮಾಡಿ. ನೆಲಕ್ಕೆ ಬಿದ್ದ ಬಾಣ ತಾನು ಬಂದ ದಿಕ್ಕನ್ನು ಮರೆಯುವುದಿಲ್ಲ. ನೂರು ಬಾಣಗಳ ದಿಕ್ಕು ಗೊತ್ತಾದರೆ ಯಾರು ಎಲ್ಲಿ ನಿಂತಿದ್ದರು ಎಂದು ಶಾಸನವಿಲ್ಲದೆಯೂ ಹೇಳಬಹುದು. ಕವಚದ ಉಂಗುರ, ಕತ್ತಿಯ ತುಂಡು, ಗುರಾಣಿಯ ನಡುವಿನ ಉಬ್ಬು, ಏನು ಸಿಕ್ಕರೂ ತಿಳಿಸಿ.

ಆ ಹೆದರಿಕೆ ಎಂಥದು? ಜನ ಅಲ್ಲಿ ನಿಜವಾಗಿ ಏನು ಮಾಡುತ್ತಾರೆ? ಅದನ್ನೂ ಬರೆಯಿರಿ.

ಗಿರಿಜಾಂಬಾ

*

ಹರಗೋಡು
14 ಡಿಸೆಂಬರ್ 1997

ಮೇಡಂ,

ಎಲೆಕ್ಷನ್ ಪೋಸ್ಟರಿನ ಹಿಂಬದಿಯಲ್ಲಿ ನಕಾಶೆ ಬರೆದು ಕಳಿಸಿದ್ದೇನೆ. ಅಭ್ಯರ್ಥಿಯ ಮುಖಕ್ಕೆ ಇಷ್ಟು ಒಳ್ಳೆಯ ಉಪಯೋಗ ಇನ್ನಾವಾಗಲೂ ಆಗಿರಲಾರದು. ನಾನು ಗುಂಡಿಯಿಂದ ಗುಂಡಿಗೆ ಹಗ್ಗ ಹಿಡಿದು ಓಡಾಡುವುದನ್ನು ನೋಡಿ ನಮ್ಮ ರೈಟರ್ ಪ್ರಸಾದ್ ಅವರು, ಆಳುಗಳ ಹಾಜರಿ ಬರೆಯುವವರು, ಮೇಲಿನ ರಸ್ತೆಯಿಂದಲೇ ಕೂಗಿದರು.

“ಏನಮ್ಮಾ ಸರ್ವೆ ಸಾಹೇಬ್ರೇ, ಗುಂಡಿ ಅಳೀತಿದೀರಾ ಗುಡ್ಡನೇ ಅಳೀತಿದೀರಾ?”

“ನಿಮ್ಮ ಸಾಹುಕಾರ್ರ ಅಜ್ಜ ಎಷ್ಟು ಒತ್ತುವರಿ ಮಾಡಿದ್ರು ಅಂತ ಅಳೀತಿದೀನಿ ಸಾರ್.”

“ಅದಕ್ಕೆ ಆ ಹಗ್ಗ ಸಾಲಾಕಿಲ್ಲ ಮಾರಾಯ್ತಿ!”

ಕವಚದ ಒಂದು ಉಂಗುರವೂ ಇಲ್ಲ, ಕತ್ತಿಯೂ ಇಲ್ಲ. ಸಿಕ್ಕಿದ್ದು ಎರಡು ಕುಡುಗೋಲು, ಒಂದು ಗುದ್ದಲಿಯ ಬಾಯಿ. ಅಂದರೆ ಇವರು ಸೈನಿಕರಲ್ಲ, ನಮ್ಮಂಥ ದುಡಿಯುವ ಜನ! ಯಾವನೋ ಪಾಳೇಗಾರನ ವಿರುದ್ಧ ಕುಡುಗೋಲು ಎತ್ತಿ ನಿಂತಿದ್ದಾರೆ. ನನಗೆ ಇದರಲ್ಲಿ ಅನುಮಾನವೇ ಇಲ್ಲ. ಹೆದರಿಕೆಯ ಗುಡ್ಡವೆಂದು ನಾವು ನಡುಗುವ ಜಾಗ ನಮ್ಮವರು ಎದೆಯೊಡ್ಡಿದ ಜಾಗ. ಇದನ್ನು ಲೈನಿನಲ್ಲಿ ಹೇಳಿದ ದಿನ ನೋಡಿ.

ಕಳೆದ ವಾರ ಎಲುಬುಗಳು ಬಂದವು. ಸುಮಾರು ಜನರವು. ಕಳಸದ ಸ್ಟುಡಿಯೋದಿಂದ ಕ್ಯಾಮೆರಾ ತಂದು ಫೋಟೋ ತೆಗೆದಿದ್ದೇನೆ. ಸುದ್ದಿ ಹೊರಗೆ ಹೋದರೆ ಸರ್ಕಾರ ಬಂದು ಗಿಡ ಕೀಳುತ್ತದೆಂದು ಸಾಹುಕಾರರಿಗೆ ಗಾಬರಿ. ಎಲ್ಲ ಒಟ್ಟು ಮಾಡಿ ಕಮರಿಗೆ ಎಸೆಯಿರಿ ಎಂದಿದ್ದಾರೆ. ನಾನು ಸದ್ಯಕ್ಕೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಹಿಂದೆ ಮುಚ್ಚಿಟ್ಟಿದ್ದೇನೆ.

ಜನ ಏನು ಮಾಡುತ್ತಾರೆಂದು ಕೇಳಿದಿರಿ. ಬರೆಯುವಂಥದ್ದಲ್ಲ, ಬಿಡಿ. ಓದಿದವರು ನಗುತ್ತೀರಿ. ಅವರು ಧೈರ್ಯವಾಗಿ ಹೋರಾಡಿ ಸತ್ತರು ಎಂದು ನಿಮ್ಮ ಕೈಯಿಂದ ಒಂದು ಸಾಲು ಬರೆದುಕೊಡಿ, ಸಾಕು.

ಪವಿತ್ರಾ

*

ಮೈಸೂರು
29 ಡಿಸೆಂಬರ್ 1997

ಪವಿತ್ರಾ,

ಎಲುಬು ಎಸೆಯಲು ಬಿಡಬೇಡ. ಹುಲ್ಲು ಸುತ್ತಿ ಚೀಲಕ್ಕೆ ಹಾಕಿ ಮೈಸೂರು ಬಸ್ಸಿನಲ್ಲಿ ನನ್ನ ಹೆಸರಿಗೆ ಕಳಿಸು. ನಾನು ಪುರಾತತ್ವ ಇಲಾಖೆಗೂ ಬರೆಯುತ್ತೇನೆ.

ಫೋಟೋಗಳನ್ನು ಭೂತಗನ್ನಡಿ ಹಿಡಿದು ನೋಡಿದೆ. ಮಲೆನಾಡಿನ ಹುಳಿ ಮಣ್ಣಿನಲ್ಲಿ ಎಲುಬು ಇಷ್ಟು ಕಾಲ ಉಳಿಯಬಾರದು. ಕರಗಿ ಹೋಗಬೇಕಿತ್ತು. ಇವು ಮೊನ್ನೆ ಮೊನ್ನೆ ಮಲಗಿದವರಂತಿವೆ. ಸುತ್ತ ಬೆಳ್ಳಗೆ ಕಾಣುವುದು ಏನು? ಮಂಜೋ, ಮಣ್ಣೋ? ತಲೆಗಳೆಲ್ಲ ಹಳ್ಳದ ಕಡೆಗೆ, ಕಾಲುಗಳು ನೆತ್ತಿಯ ಕಡೆಗೆ ಇದ್ದವು ಎಂದು ನಕಾಶೆ ಹೇಳುತ್ತದೆ. ಸರಿಯಾಗಿ ನೋಡಿ ಬರೆದಿದ್ದೀಯಾ?

ಇನ್ನೊಂದು. ಬಾಣದ ತುದಿಗಳೆಲ್ಲ ಹಳ್ಳದ ಕಡೆಗೇ ತಿರುಗಿವೆ. ನೆತ್ತಿಯ ಕಡೆಗೆ ತಿರುಗಿದ್ದು ಒಂದಾದರೂ ಇದೆಯೆ? ಚೆನ್ನಾಗಿ ಹುಡುಕು.

ನೀನು ಕೇಳಿದ ಸಾಲನ್ನು ಬರೆಯಲು ಆತುರ ಬೇಡ. ಇನ್ನೂ ಸ್ವಲ್ಪ ನೋಡಬೇಕು. ಅಲ್ಲಿಯವರೆಗೆ ಲೈನಿನಲ್ಲಿ ಭಾಷಣ ಮಾಡಬೇಡ.

ಗಿರಿಜಾಂಬಾ

*

ಹರಗೋಡು
18 ಜನವರಿ 1998

ಮೇಡಂ,

ನೆತ್ತಿಯ ಕಡೆಗೆ ತಿರುಗಿದ್ದು ಒಂದೂ ಇಲ್ಲ. ಚೀಲಗಳು ಹೋದ ವಾರವೇ ಬಸ್ಸು ಹತ್ತಿವೆ. ಎಲ್ಲ ಗುಂಡಿಗಳೂ ಈಗ ಖಾಲಿ.

ಭಾಷಣ ಮಾಡಿಬಿಟ್ಟೆ. ಕ್ಷಮೆ ಕೇಳುವುದಿಲ್ಲ, ಏಕೆಂದರೆ ನಾವು ಗೆದ್ದೆವು. ಈಗ ಹೇಳಬಹುದು.

ಗಾಳಿಗುಡ್ಡದಲ್ಲಿ ನಮ್ಮ ಜನ ನೆತ್ತಿಗೆ ಬೆನ್ನು ಹಾಕುವುದಿಲ್ಲ ಮೇಡಂ. ಗುದ್ದಲಿ ಹಾಕುವಾಗಲೂ ಹಣ್ಣು ಕೊಯ್ಯುವಾಗಲೂ ಮುಖ ಮೇಲಕ್ಕೇ. ಸಂಜೆ ಹಣ್ಣಿನ ಮೂಟೆ ಹೊತ್ತು ಇಳಿಯುವಾಗ ಎಲ್ಲರೂ ಹಿಮ್ಮುಖವಾಗಿ, ಗಿಡಗಳನ್ನು ಹಿಡಿದುಕೊಂಡು, ಒಂದೊಂದೇ ಕಾಲಿನಿಂದ ನೆಲ ತಡಕುತ್ತ ಹಳ್ಳದವರೆಗೆ ಇಳಿಯುತ್ತಾರೆ. ಯಾಕೆ ಎಂದರೆ ಯಾರಿಗೂ ಗೊತ್ತಿಲ್ಲ. “ಹಂಗೇ ಮಾಡ್ಬೇಕು” ಅಷ್ಟೆ. ಅತ್ತೆ ಬಿದ್ದದ್ದು ಹಾಗೆಯೇ. ಕಷ್ಟಪಟ್ಟು ಓದಿದ ಒಬ್ಬಳ ಮನೆಯವರು ಏಡಿಗಳ ಹಾಗೆ ಗುಡ್ಡ ಇಳಿಯುತ್ತಾರೆ ಎಂದು ಮೈಸೂರಿನ ವಿದ್ವಾಂಸರಿಗೆ ಬರೆಯಲು ನನಗೆ ಮನಸ್ಸಾಗಲಿಲ್ಲ.

ಹಣ್ಣು ಕೊಯ್ಲಿನ ಮೊದಲ ದಿನ ಹಳ್ಳದ ಬಂಡೆ ಹತ್ತಿ ನಿಂತು ಹೇಳಿದೆ. ಇಲ್ಲಿ ಸತ್ತವರು ನಮ್ಮವರು, ದುಡಿದವರು, ವೀರರು. ಅವರೂ ಈಗ ಇಲ್ಲಿಲ್ಲ, ಮೈಸೂರಿನ ಬಸ್ಸಿನಲ್ಲಿ ಹೋದರು. ಯಾರಿಗೆ ಹೆದರುತ್ತೀರಿ? ಯಾರೂ ಅಲ್ಲಾಡಲಿಲ್ಲ. ಎಲ್ಲರೂ ಅಪ್ಪನನ್ನು ನೋಡಿದರು. ಸಾಲಿನ ಮುಂದಾಳು ಅವನೇ.

ಅಪ್ಪ ಕೇಳಿದ, “ನಿಂಗೆ ಬೇಕಾ ಮಗಾ?”

“ನಂಗಲ್ಲ ಅಪ್ಪ, ಎಲ್ರಿಗೂ ಬೇಕು.”

“ಎಲ್ರ ಮಾತು ಬಿಡು. ನಿಂಗೆ ಬೇಕಾ?”

“ಬೇಕು.”

“ಹಂಗಾರೆ ಆತು” ಅಂದ. ಸಂಜೆ ಮೂಟೆ ತಲೆಗಿಟ್ಟುಕೊಂಡು ನೆತ್ತಿಗೆ ಬೆನ್ನು ಹಾಕಿ ನೆಟ್ಟಗೆ ಇಳಿದು ಬಂದ. ಆಕಾಶ ಬೀಳಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಇಳಿದರು. ಹೆಂಗಸರು ಕೇಕೆ ಹಾಕಿ ನಕ್ಕರು. ಮನೆಗೆ ಬಂದು ಅತ್ತೆಗೆ ಹೇಳಿದರೆ, “ನನ್ ಸೊಂಟ ಮುರಿಯೋ ಮುಂಚೆ ಈ ಬುದ್ಧಿ ಎಲ್ಲಿ ಮೇಯಾಕೆ ಹೋಗಿತ್ತೇ?” ಎಂದು ಬೈದಳು. ಆದರೆ ಅವಳ ಕಣ್ಣು ತುಂಬಿತ್ತು.

ಅಪ್ಪ ಮಾತ್ರ ಈಚೆಗೆ ಊಟಕ್ಕೆ ಕೂತರೂ ಗೋಡೆಗೆ ಒರಗಿಕೊಂಡೇ ಕೂರುತ್ತಾನೆ. ಕತ್ತಿನ ಹಿಂದೆ ಚಳಿ ಎನ್ನುತ್ತಾನೆ. ವಯಸ್ಸಾಯಿತಲ್ಲ.

ಪವಿತ್ರಾ

*

ಮೈಸೂರು
24 ಜನವರಿ 1998

ಪವಿತ್ರಾ,

ಈ ಕಾಗದ ಸಿಕ್ಕ ಕೂಡಲೇ ಅಪ್ಪನನ್ನೂ ಉಳಿದವರನ್ನೂ ಆ ಬ್ಲಾಕಿನ ಕೆಲಸದಿಂದ ಬಿಡಿಸು. ನೆಪ ಏನಾದರೂ ಹೇಳು.

ಚೀಲ ಬಿಚ್ಚಿದೆ. ಫೋಟೋದಲ್ಲಿ ಅನುಮಾನವಿದ್ದದ್ದು ಈಗ ಖಚಿತ. ಪ್ರತಿಯೊಂದು ತಲೆಬುರುಡೆಯ ಹಿಂಬದಿಯಲ್ಲಿ, ಇಲ್ಲವೇ ಕುತ್ತಿಗೆಯ ಎಲುಬಿನ ಮೇಲೆ, ಕತ್ತಿಯ ಏಟು. ಬೆನ್ನುಮೂಳೆಗಳಲ್ಲಿ ಬಾಣ ನಾಟಿದ ಗುರುತು. ಮುಂಗೈಯಲ್ಲಿ ಒಂದು ಗೀರಿಲ್ಲ. ಏಟು ತಡೆಯಲು ಕೈ ಎತ್ತಿದ್ದರೆ ಅಲ್ಲಿ ಗಾಯವಿರುತ್ತಿತ್ತು. ಅವರು ಹೋರಾಡಲಿಲ್ಲ. ನೆತ್ತಿಯಿಂದ ಕುದುರೆಯವರೋ ಕಾಲಾಳುಗಳೋ ಇಳಿದು ಬಂದರು, ಇವರು ಹಳ್ಳದ ಕಡೆಗೆ ಓಡಿದರು. ಓಡುತ್ತಿದ್ದವರನ್ನು ಹಿಂದಿನಿಂದ ಕಡಿದಿದ್ದಾರೆ. ನಿನ್ನ ವೀರರನ್ನು ನಿನ್ನಿಂದ ಕಿತ್ತುಕೊಳ್ಳಲು ಮನಸ್ಸಾಗದೆ ಹೋದ ಕಾಗದದಲ್ಲಿ ಸುಮ್ಮನಿದ್ದೆ.

ಇನ್ನೂ ಇದೆ. ಓಡುವಾಗ ಬಿದ್ದವರು ಮುಖ ಅಡಿಯಾಗಿ ಬೀಳುತ್ತಾರೆ. ನಿನ್ನ ಫೋಟೋಗಳಲ್ಲಿ ಇವರೆಲ್ಲ ಅಂಗಾತ ಮಲಗಿದ್ದರು, ತಲೆಯ ಕೆಳಗೆ ಕಲ್ಲಿನ ದಿಂಬು. ಸುತ್ತ ಬೆಳ್ಳಗೆ ಕಂಡದ್ದು ಎಲುಬಿಗೂ ಅಂಟಿಕೊಂಡು ಬಂದಿದೆ, ಅದು ಚಿಪ್ಪಿನ ಸುಣ್ಣ. ಘಟ್ಟದ ಕೆಳಗಿನಿಂದ ತಲೆಹೊರೆಯಲ್ಲಿ ಹೊತ್ತು ತಂದದ್ದು. ಯಾರೋ ಬದುಕಿದವರು ತಿರುಗಿ ಬಂದು, ಪ್ರತಿಯೊಬ್ಬರನ್ನೂ ಮಗುಚಿ, ತಲೆ ಎತ್ತರಿಸಿ, ಮುಖ ನೆತ್ತಿಯನ್ನೇ ನೋಡುವಂತೆ ಮಲಗಿಸಿದ್ದಾರೆ. ಎಲುಬು ಕರಗದ ಹಾಗೆ ಸುಣ್ಣ ಸುರಿದಿದ್ದಾರೆ. ಗೌರವಕ್ಕೆ ಇಷ್ಟು ಬೇಕಿರಲಿಲ್ಲ. ಇದು ಕಾವಲಿಗೆ ಕೂರಿಸಿದ್ದು.

ನೀವು ಹಿಮ್ಮುಖವಾಗಿ ಇಳಿಯುವ ವಿಷಯ ಮೊದಲೇ ಗೊತ್ತಿದ್ದರೆ ಆ ಗುಂಡಿ ಮುಚ್ಚು ಎನ್ನುತ್ತಿದ್ದೆ. ಈಗ ಸತ್ತವರು ನನ್ನ ಮೇಜಿನ ಮೇಲಿದ್ದಾರೆ, ಬದುಕಿರುವವರು ಬೆನ್ನು ತಿರುಗಿಸಿದ್ದಾರೆ. ಅಲ್ಲಿ ನೆತ್ತಿಯ ಕಡೆ ನೋಡುವವರು ಯಾರೂ ಇಲ್ಲ.

ನಾನು ತರ್ಕ ಬಿಟ್ಟವಳಲ್ಲ ಪವಿತ್ರಾ. ಆದರೆ ನನ್ನ ಕುರ್ಚಿಯನ್ನೂ ನಿನ್ನೆ ಗೋಡೆಗೆ ಒತ್ತಿ ಹಾಕಿಕೊಂಡಿದ್ದೇನೆ.

ಗಿರಿಜಾಂಬಾ

*

ಹರಗೋಡು
12 ಫೆಬ್ರವರಿ 1998

ಮೇಡಂ,

ನಿಮ್ಮ ಕಾಗದ ಕಳಸದಲ್ಲೇ ಕೂತಿತ್ತು. ಜೀಪಿನವನು ಮೊನ್ನೆ ತಂದುಕೊಟ್ಟ. ಅಷ್ಟರಲ್ಲಿ ಆಗುವುದು ಆಗಿತ್ತು.

ಹೋದ ಗುರುವಾರ ಬೆಳಿಗ್ಗೆ, ಬಿಸಿಲು ಚೆನ್ನಾಗಿ ಏರಿದ ಮೇಲೆ, ನಾವೆಲ್ಲ ಗಾಳಿಗುಡ್ಡದಲ್ಲಿ ಕೊಯ್ಯುತ್ತಿದ್ದೆವು. ಈಗ ಎಲ್ಲರೂ ಬೇಕಾದ ಕಡೆ ಮುಖ ಮಾಡಿ ಕೊಯ್ಯುತ್ತಾರೆ. ಯಾರೋ ಸಿನಿಮಾ ಹಾಡು ಹೇಳುತ್ತಿದ್ದರು. ಹಾಡು ನಡುವೆ ನಿಂತಿತು. ಆಮೇಲೆ ನಾವೆಲ್ಲ ಓಡುತ್ತಿದ್ದೆವು.

ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಯಾರೂ ಕೂಗಲಿಲ್ಲ, ಏನೂ ಕಾಣಲಿಲ್ಲ. ಹಿಂದಿನಿಂದ ಇಳಿದು ಬರುತ್ತಿದ್ದಾರೆ ಎಂಬುದು ಕಾಲಿಗೆ ಗೊತ್ತಾಯಿತು, ತಲೆಗೆ ಗೊತ್ತಾಗುವ ಮೊದಲೇ. ಹಣ್ಣಿನ ಚೀಲ, ಬುತ್ತಿ, ಚಪ್ಪಲಿ ಎಲ್ಲ ಬಿಟ್ಟು ಓಡಿದೆವು. ನಾನೂ ಓಡಿದೆ. ಅಪ್ಪನ ಪಕ್ಕದಿಂದಲೇ ಓಡಿದೆ, ಅವನ ಕೈಯನ್ನೂ ಹಿಡಿಯಲಿಲ್ಲ. ಓಡುವಾಗ ನನ್ನ ಎಡಕ್ಕೂ ಬಲಕ್ಕೂ ತುಂಬ ಜನರ ಉಸಿರು ಕೇಳುತ್ತಿತ್ತು. ಹಳ್ಳದಲ್ಲಿ ಬಿದ್ದು ಎದ್ದು ನೋಡಿದರೆ ನಾವು ಅಷ್ಟು ಜನ ಇರಲಿಲ್ಲ.

ಅಪ್ಪ ಓಡಿರಲಿಲ್ಲ. ಇಳಿಜಾರಿನ ನಡುವೆ ನೆತ್ತಿಯ ಕಡೆ ಮುಖ ತಿರುಗಿಸಿ ನಿಂತಿದ್ದ. ಅವನು ತಿರುಗಿದ ಗಳಿಗೆಗೇ ನಮ್ಮ ಕಾಲುಗಳು ನಿಂತದ್ದು ಎಂದು ಆಮೇಲೆ ಎಲ್ಲರೂ ಹೇಳಿದರು.

ರೈಟರ್ ಬಂದು “ಹೆಜ್ಜೇನು ಎದ್ದಿರ್ಬೇಕು ಬಿಡ್ರಿ” ಅಂದರು. ಯಾರಿಗೂ ಒಂದು ಹುಳವೂ ಕಚ್ಚಿಲ್ಲ.

ಅಪ್ಪ ಆವತ್ತಿನಿಂದ ಇಳಿದು ಬಂದಿಲ್ಲ. ಅಲ್ಲೇ ನಿಲ್ಲುತ್ತಾನೆ, ಸುಸ್ತಾದರೆ ಕೂರುತ್ತಾನೆ. ಗಂಜಿ ಕೊಟ್ಟರೆ ಕಣ್ಣು ಕೆಳಗಿಳಿಸದೆ ಕುಡಿಯುತ್ತಾನೆ. ಮೈ ಕಾದ ಹೆಂಚಿನಂತಿದೆ. ನಾಲ್ಕು ಜನ ಎತ್ತಿ ತರಲು ಹೋದರೆ ಎಳೆಮಗುವಿನ ಹಾಗೆ ಅತ್ತ, ಬಿಟ್ಟುಬಿಟ್ಟರು.

“ಬಾ ಅಪ್ಪ, ಎಲ್ಲರೂ ಇಳಿದಾಯ್ತು” ಎಂದೆ.

“ನೀವು ಇಳಿದ್ರಿ ಮಗಾ. ಇವ್ರು ಇನ್ನೂ ಇಳೀತಾ ಇದಾರೆ ನೋಡು, ಎಷ್ಟೊಂದು ಜನ. ಹೆಂಗಸ್ರು, ಮಕ್ಳು. ಹಳ್ಳ ದಾಟ್ಲಿ. ಅಲ್ಲಿಗಂಟ ನಾನು ನೋಡ್ತೀನಿ.”

ಜ್ವರದ ಮಾತು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ನಾನು ಓದಿದ ಯಾವ ಪುಸ್ತಕದಲ್ಲೂ ಇದಕ್ಕೆ ಮದ್ದಿಲ್ಲ. ಅವನು ಹೀಗೇ ಇದ್ದರೆ ಉಳಿಯುವುದಿಲ್ಲ ಮೇಡಂ. ನಾನು ಏನು ಮಾಡಲಿ?

ಪವಿತ್ರಾ

*

ಮೈಸೂರು
19 ಫೆಬ್ರವರಿ 1998

ಮಗಳೇ,

ಎಲುಬುಗಳನ್ನು ನಾನೇ ತರುತ್ತೇನೆ. ಮಂಡಿಗೆ ಡಾಕ್ಟರು ಕಟ್ಟು ಹಾಕಿದ್ದಾರೆ, ಅದು ಬಿಚ್ಚಿದ ಕೂಡಲೇ ಹೊರಡುತ್ತೇನೆ. ಅವರವರ ಗುಂಡಿಯಲ್ಲಿ, ಅವರವರ ಕಲ್ಲಿನ ಮೇಲೆ, ನಿನ್ನ ನಕಾಶೆ ನೋಡಿ ಮಲಗಿಸೋಣ. ಸುಣ್ಣವನ್ನೂ ಹೇಳಿಟ್ಟಿದ್ದೇನೆ. ಸಾಹುಕಾರರಿಗೆ ಏನು ಹೇಳಬೇಕೆಂದು ನನಗೆ ಗೊತ್ತು.

ಅಪ್ಪನ ಜೊತೆ ವಾದ ಮಾಡಬೇಡ. ಇಲ್ಲ ಎಂದೂ ಹೇಳಬೇಡ, ಹೌದು ಎಂದೂ ಹೇಳಬೇಡ. ಅವನಿಗೆ ಬೇಕಾಗಿರುವುದು ನಂಬುವವರಲ್ಲ, ಸುಸ್ತಾದಾಗ ಕೈ ಬದಲಾಯಿಸುವವರು ಎಂದು ನನಗನ್ನಿಸುತ್ತದೆ.

ಗಿರಿಜಾಂಬಾ

*

ಗಾಳಿಗುಡ್ಡ
1 ಮಾರ್ಚ್ 1998

ಅಮ್ಮ,

ಅಕ್ಷರ ಸೊಟ್ಟಗಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಕಾಗದವನ್ನು ನೋಡದೆ ಬರೆಯುತ್ತಿದ್ದೇನೆ.

ನಿಮ್ಮ ಕಾಗದ ಬಂದ ದಿನವೇ ಮೇಲೆ ಹೋಗಿ ಅಪ್ಪನ ಪಕ್ಕ ನಿಂತೆ. ನೆತ್ತಿಯ ಕಡೆ ಮುಖ ಮಾಡಿ, “ಇನ್ನು ನಾನು ನೋಡ್ತೀನಿ. ನೀನು ಇಳಿ” ಎಂದೆ.

ಅಪ್ಪ, “ಅಲ್ಲಿಂದ ಕಣ್ ತೆಗೀಬಾರ್ದು” ಅಂದ.

“ತೆಗೆಯಲ್ಲ.”

“ನಗಾಡ್ಬಾರ್ದು.”

“ಇಲ್ಲಪ್ಪ.”

ಅವನು ನನ್ನ ತಲೆಯ ಮೇಲೆ ಕೈಯಿಟ್ಟು, ಹಾಗೇ ಹೊರಳಿ, ನೆಟ್ಟಗೆ ಇಳಿದು ಹೋದ. ಹೆಜ್ಜೆಯ ಸದ್ದು ಹಳ್ಳದವರೆಗೂ ಕೇಳಿಸಿತು. ಅತ್ತೆ ಹೇಳಿ ಕಳಿಸಿದ ಪ್ರಕಾರ ಆವತ್ತೇ ಜ್ವರ ಬಿಟ್ಟಿತು, ಒಂದು ತಪ್ಪಲೆ ಗಂಜಿ ಕುಡಿದು ಮಲಗಿದ.

ಹಣ್ಣೆಲ್ಲ ಉದುರಿ ಹಾಳಾಗುತ್ತಿದೆ, ನೋಡುವವರು ಒಬ್ಬರಿದ್ದರೆ ಮಾತ್ರ ಕೊಯ್ಯುತ್ತೇವೆ ಎಂದು ಎಲ್ಲ ಆಳುಗಳೂ ಕೂತುಬಿಟ್ಟರು. ಇಷ್ಟು ಒಗ್ಗಟ್ಟನ್ನು ನಾನು ಕೂಲಿ ಹೆಚ್ಚಿಸಿ ಎಂದಾಗಲೂ ಕಂಡಿರಲಿಲ್ಲ. ರೈಟರ್ ಪ್ರಸಾದ್ ಹಾಜರಿ ಪುಸ್ತಕ ಹಿಡಿದು ಏದುಸಿರು ಬಿಡುತ್ತ ಹತ್ತಿ ಬಂದರು.

“ಇದನ್ನ ಏನಂತ ಬರ್ಕೊಳ್ಳಲಿ ಮಾರಾಯ್ತಿ? ಗೊಬ್ಬರ ಅಲ್ಲ, ಚಿಗುರು ತೆಗೆಯೋದಲ್ಲ. ಗುಡ್ಡ ನೋಡೋದಾ?”

“ಹೌದು ಸಾರ್. ಹಾಗೇ ಬರೀರಿ. ಗುಡ್ಡ ನೋಡುವುದು, ಒಂದಾಳು.”

“ಸಾಹುಕಾರ್ರು ಕೇಳಿದ್ರೆ?”

“ಅವರನ್ನೇ ಒಂದು ದಿನ ಇಲ್ಲಿ ನಿಲ್ಲೋಕೆ ಹೇಳಿ, ಈ ಕಡೆ ಬೆನ್ನು ಮಾಡ್ಕೊಂಡು.”

ಬರೆದುಕೊಂಡರು. ಹೋಗುವಾಗ ಅವರೂ ಒಂದೆರಡು ಹೆಜ್ಜೆ ಹಿಮ್ಮುಖವಾಗಿ ಇಟ್ಟದ್ದು ನನ್ನ ಕಿವಿಗೆ ತಿಳಿಯಿತು. ಆಮೇಲೆ ನಾನು ನೋಡುತ್ತಿರುವುದು ನೆನಪಾಗಿ ನೆಟ್ಟಗೆ ಇಳಿದಿರಬೇಕು.

ನಾನು ಬೇಡಿದ್ದು ಸಿಕ್ಕಿದೆ ಅಮ್ಮ. ಸಂಜೆ ಮೂಟೆ ಹೊತ್ತು ಎಲ್ಲರೂ ದಾರಿ ನೋಡಿಕೊಂಡು, ಕೈ ಬೀಸಿಕೊಂಡು ಇಳಿಯುತ್ತಾರೆ. ಕೆಳಗೆ ನಗು ಕೇಳುತ್ತದೆ. ಇನ್ನು ಯಾರ ಸೊಂಟವೂ ಮುರಿಯುವುದಿಲ್ಲ. ಅವರು ಹಳ್ಳ ದಾಟಿದ ಮೇಲೂ ನನ್ನ ಎರಡೂ ಬದಿಯಿಂದ ಇಳಿಯುವ ಹೆಜ್ಜೆಗಳು ಸ್ವಲ್ಪ ಹೊತ್ತು ಇರುತ್ತವೆ. ಬರಿಗಾಲಿನವು, ಮಕ್ಕಳವೂ ಇವೆ. ಅವು ನಿಂತ ಮೇಲೆ ಅಪ್ಪ ತನ್ನ ಸರದಿಗೆ ಬಂದು ನನ್ನ ಭುಜ ಮುಟ್ಟುತ್ತಾನೆ.

ಮೇಲೆ ಏನಿದೆ ಎಂದು ನೀವು ಕೇಳುತ್ತೀರಿ. ಹುಲ್ಲು. ನೋಡುತ್ತಿದ್ದರೆ ಬರೀ ಹುಲ್ಲು. ನಂಬಿಕೆಯ ವಿಷಯದಲ್ಲಿ ನಾನು ಮೊದಲಿನವಳೇ. ಆದರೆ ರೆಪ್ಪೆ ಬಡಿದು ಕಣ್ಣು ಬಿಟ್ಟಾಗಲೆಲ್ಲ ಹುಲ್ಲು ಬಾಗಿದ ಗೆರೆ ಒಂದು ಮೊಳ ಕೆಳಗೆ ಬಂದಿರುತ್ತದೆ. ಅದಕ್ಕೇ ಆದಷ್ಟೂ ಕಡಿಮೆ ರೆಪ್ಪೆ ಬಡಿಯುತ್ತೇನೆ.

ಬೇಗ ಬನ್ನಿ. ಕಳಸದಿಂದ ಜೀಪು ಸಿಗುತ್ತದೆ, ಹಳ್ಳದವರೆಗೂ ಬರುತ್ತದೆ. ಹಳ್ಳದ ಹತ್ತಿರ ನಿಂತು ನನ್ನ ಹೆಸರು ಹಿಡಿದು ಕೂಗಬೇಡಿ. ಸುಮ್ಮನೆ ಹತ್ತಿ ಬಂದು ಪಕ್ಕದಲ್ಲಿ ನಿಲ್ಲಿ. ಬಂದಿರಿ ಎಂದು ಸಂತೋಷವಾಗುತ್ತದೆ, ಆದರೆ ನಾನು ತಿರುಗಿ ನೋಡಲಾರೆ.

ಪವಿತ್ರಾ